ಮೂಗು ಏನಂತದೆ

ಸುನಂದಮ್ಮ ಬೆಳಿಗ್ಗೆ ಎದ್ದು ಒಂದೂವರೆ ಗಂಟೆ ಹೊತ್ತು ತುಟಿ ಪಿಟಕ್ಕೆನ್ನದೆ ಕೂರುತ್ತಾಳಂತೆ ಎಂಬ ಸುದ್ದಿ ಹಬ್ಬಿದಾಗ ಊರಿಗೆ ಊರೇ ನಕ್ಕಿತು. ನಗದೆ ಏನು ಮಾಡಿಯಾರು? ಬೆಟ್ಟದಪುರದ ಬೆಟ್ಟ ಎದುರಿಗೇ ಕಾಣುವ ಆ ಸಣ್ಣ ಊರಿನಲ್ಲಿ ಕೋಳಿಗಿಂತ ಮೊದಲು ಏಳುತ್ತಿದ್ದದ್ದು ಅವಳ ಗಂಟಲು. ಹಸು ಒದ್ದರೆ ಹಸುವಿಗೆ, ನಲ್ಲಿ ಬಾರದಿದ್ದರೆ ಪಂಚಾಯ್ತಿಗೆ, ಗಂಡ ಬೇಗ ಎದ್ದರೆ ಯಾಕೆ ಎದ್ದಿರಿ ಅಂತ, ಎದ್ದಿಲ್ಲದಿದ್ದರೆ ಯಾಕೆ ಇನ್ನೂ ಬಿದ್ದಿದ್ದೀರಿ ಅಂತ. ಮೂವತ್ತೆರಡು ವರ್ಷದಿಂದ ಈ ಸುಪ್ರಭಾತ ಕೇಳಿ ಕೇಳಿ ಜನ ಅದಕ್ಕೇ ಗಡಿಯಾರ ಹೊಂದಿಸಿಕೊಂಡಿದ್ದರು. ಅವಳು ಸುಮ್ಮನಾದದ್ದು ಅವರಿಗೆ ತಮಾಷೆಯಾಗಿ ಕಂಡಿತು. ಈಗ ಆ ಮಾತೆತ್ತಿದರೆ ಯಾರೂ ನಗುವುದಿಲ್ಲ, ಬೇರೆ ಮಾತು ತೆಗೆಯುತ್ತಾರೆ.

ಅವಳನ್ನು ಇದಕ್ಕೆ ಹಚ್ಚಿದವಳು ಪವಿತ್ರಾ, ಕೆ.ಆರ್. ನಗರದಲ್ಲಿರುವ ತಂಗಿಯ ಮಗಳು. ಪಿರಿಯಾಪಟ್ಟಣದ ಡಾಕ್ಟರು ಬಿ.ಪಿ. ನೋಡಿ, "ಇಷ್ಟೊಂದು ಕಿರುಚಾಡಬೇಡಿ ತಾಯಿ, ತಲೆಯ ನರ ಒಡೆದೀತು" ಎಂದದ್ದು ಪವಿತ್ರಾಳ ಕಿವಿಗೆ ಬಿತ್ತು. ಅವಳು ಒಂದು ಬಸ್ಸು ಹತ್ತಿ ಬಂದು, "ದೊಡ್ಡಮ್ಮ, ಬಟ್ಟೆ ಇಟ್ಕೋ" ಎಂದವಳೇ ಚುಂಚನಕಟ್ಟೆಯ ಬಳಿ ಒಂದು ಛತ್ರದಲ್ಲಿ ನಡೆಯುತ್ತಿದ್ದ ಮೂರು ದಿನದ ಧ್ಯಾನ ಶಿಬಿರಕ್ಕೆ ಎಳೆದುಕೊಂಡು ಹೋದಳು. ಅಲ್ಲಿ ಪಾಠ ಹೇಳುತ್ತಿದ್ದವಳು ಬಿಳಿ ಸೀರೆಯ, ಮೆತ್ತಗೆ ಮಾತಾಡುವ ಒಬ್ಬ ಹೆಂಗಸು. ಎಲ್ಲರೂ ಅವಳನ್ನು ಅಕ್ಕ ಎನ್ನುತ್ತಿದ್ದರು.

ಬೆಳಗನ್ನು ಎಚ್ಚರದಿಂದ ಶುರು ಮಾಡಿ ಎನ್ನುವುದು ಆ ಅಕ್ಕನ ಪಾಠ. ಕಣ್ಣು ಬಿಟ್ಟ ಕೂಡಲೇ ಧಡಕ್ಕನೆ ಏಳಬಾರದು. ಮೂರು ಉಸಿರು ಬಂದು ಹೋಗುವುದನ್ನು ನೋಡಬೇಕು. ಅಂಗೈ ಉಜ್ಜಿ ಕಣ್ಣಿಗೊತ್ತಿಕೊಳ್ಳಬೇಕು. ಕಾಲೂರುವ ಮೊದಲು ನೆಲ ಮುಟ್ಟಿ ಭೂಮಿತಾಯಿಯ ಕ್ಷಮೆ ಕೇಳಬೇಕು. ಮುಖ ತೊಳೆದು ಬಯಲಿಗೆ ಮುಖ ಮಾಡಿ ಕೂತು, ಬಿಸಿಲು ಮೂಡುವವರೆಗೆ ಮಾತಿಲ್ಲ, ಸನ್ನೆಯಿಲ್ಲ. ಸದ್ದು ಬರಲಿ, ವಾಸನೆ ಬರಲಿ, ನೋವು ಬರಲಿ, ಭಯ ಬರಲಿ, "ಬಂದಿದೆ ಅಂತ ನೋಡಿ, ಅದರ ಹಿಂದೆ ಹೋಗಬೇಡಿ." ನಲವತ್ತೆಂಟು ದಿನ, ಒಂದು ಮಂಡಲ. ನಡುವೆ ತಪ್ಪಿದರೆ ಮತ್ತೆ ಒಂದರಿಂದ ಎಣಿಕೆ.

ಹಿಂದೆ ಕೂತಿದ್ದ ಹೆಂಗಸೊಬ್ಬಳು ಕೇಳಿಯೇ ಬಿಟ್ಟಳು: "ಅಕ್ಕ, ಒಲೆ ಮೇಲೆ ಹಾಲುಕ್ಕಿದ್ರೆ?"

"ಎದ್ದು ಒಲೆ ಆರಿಸಿ ಬಂದು ಕೂತ್ಕೊಳ್ಳಿ" ಎಂದಳು ಅಕ್ಕ. ಎಲ್ಲರೂ ನಕ್ಕರು. ಸುನಂದಮ್ಮ ನಗಲಿಲ್ಲ. ಇದೆಲ್ಲ ಕೈಲಾಗದವರಿಗೆ ಕೊಡುವ ರಿಯಾಯಿತಿ ಎಂದು ಅವಳಿಗೆ ಅನಿಸಿತು. ಹಿಡಿದರೆ ಪೂರ್ತಿ ಹಿಡಿಯಬೇಕು, ಹಾಲು ಉಕ್ಕಿದರೆ ಉಕ್ಕಲಿ. ಅವಳ ಜಾತಕವೇ ಅಂಥದ್ದು, ಬೈಯುವುದರಲ್ಲೂ ಅರ್ಧ ಬೈದು ಬಿಟ್ಟವಳಲ್ಲ.

ಮೂರನೆಯ ಬೆಳಿಗ್ಗೆ ಕಾವೇರಿಯ ದಡದಲ್ಲಿ ಕೂತಿದ್ದಾಗ ಒಂದು ಸಂಗತಿ ನಡೆಯಿತು. ತಲೆಯೊಳಗೆ ಸದಾ ಗುಂಯ್‌ಗುಡುತ್ತಿದ್ದದ್ದು ನಿಂತುಹೋಯಿತು. ಎಷ್ಟು ಹೊತ್ತೋ ಗೊತ್ತಿಲ್ಲ, ಎರಡು ನಿಮಿಷ ಇದ್ದರೆ ಹೆಚ್ಚು. ಮದುವೆಯಾಗಿ ಬಂದ ವರ್ಷವೇ ಪಕ್ಕದ ಹೊಲದ ಹೊಗೆಸೊಪ್ಪಿನ ಬ್ಯಾರನ್ನು ಇಡಿಯಾಗಿ ಉರಿದು ನೆಲಕಚ್ಚಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು, ಅಂದಿನಿಂದ ಒಳಗೊಂದು ಭಯ ಬಿಡಾರ ಹೂಡಿತ್ತು. ಅವಳ ಕಿರುಚಾಟವೆಲ್ಲ ಆ ಭಯದ ಕಿರುಚಾಟವೇ. ಆ ಎರಡು ನಿಮಿಷ ಭಯ ಇರಲಿಲ್ಲ. ಅವಳು ಗಳಗಳ ಅತ್ತುಬಿಟ್ಟಳು. ಅದು ಮತ್ತೊಮ್ಮೆ ಸಿಗಬೇಕು, ಅಷ್ಟೇ, ಇನ್ನೇನೂ ಬೇಡ ಎಂದುಕೊಂಡು ಊರಿಗೆ ಬಂದಳು.

ಬ್ಯಾರನ್ನು ಎಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಇಟ್ಟಿಗೆ ಕೋಣೆ. ಒಲೆಬಾಯಿ ಹೊರಗೆ. ಒಳಗೆ ನೆಲದುದ್ದಕ್ಕೂ ಕಾದ ಕಬ್ಬಿಣದ ಕೊಳವೆ, ಅದರ ಮೇಲೆ ಸೂರಿನವರೆಗೆ ಸಾಲುಸಾಲಾಗಿ ಕಡ್ಡಿಗೆ ಕಟ್ಟಿ ತೂಗಿಬಿಟ್ಟ ಸೊಪ್ಪು. ಐದಾರು ದಿನ ಹಗಲೂ ಇರುಳೂ ಬೆಂಕಿ. ಕೊನೆಯ ದಿನದ ಹೊತ್ತಿಗೆ ಸೊಪ್ಪು ಹಪ್ಪಳವಾಗಿರುತ್ತದೆ. ಆಗ ಒಂದೇ ಒಂದು ಎಲೆ ಕಳಚಿ ಕೊಳವೆಯ ಮೇಲೆ ಬಿದ್ದರೆ ಸಾಕು. ಅದು ಒಮ್ಮೆಗೇ ಉರಿಯುವುದಿಲ್ಲ. ಒಳಗೊಳಗೇ ಹೊಗೆಯಾಡುತ್ತ, ಗಾಳಿಗೆ ಕಾಯುತ್ತ ಕೂರುತ್ತದೆ. ಅದಕ್ಕೇ ಸೊಪ್ಪು ಬೇಯಿಸುವವರದು ಒಂದು ಕಟ್ಟಪ್ಪಣೆ: ಸುಟ್ಟ ವಾಸನೆ ಬಂದರೆ ಬಾಗಿಲು ತೆಗೆಯಬಾರದು. ಒಲೆಯ ಬೆಂಕಿ ಹೊರಕ್ಕೆಳೆದು, ಗಾಳಿಗಂಡಿ ಮುಚ್ಚಿ, ತಣ್ಣಗಾಗುವವರೆಗೆ ದೂರ ಇರಬೇಕು.

ಆ ವಾಸನೆ ಹಿಡಿಯುವುದರಲ್ಲಿ ಸುನಂದಮ್ಮನ ಮೂಗಿಗೆ ಸಾಟಿ ಇರಲಿಲ್ಲ. ಜಗಲಿಯಲ್ಲಿ ಕೂತೇ, ಮೂವತ್ತು ಹೆಜ್ಜೆ ದೂರದ ತಮ್ಮ ಬ್ಯಾರನ್ನಿನ ಸೊಪ್ಪು ಹಳದಿಗೆ ತಿರುಗಿತೋ, ಕಾವು ಹೆಚ್ಚಾಯಿತೋ ಹೇಳಿಬಿಡುತ್ತಿದ್ದಳು. ಗಂಡ ಕಂಠಪ್ಪನ ಮೂಗು ಕೊರೊನಾ ಬಂದು ಹೋದ ಮೇಲೆ ಪೂರ್ತಿ ಸತ್ತಿತ್ತು. ಮಲ್ಲಿಗೆಯೂ ಒಂದೇ, ಸಗಣಿಯೂ ಒಂದೇ. ಆದ್ದರಿಂದ ಪ್ರತಿ ಸಲ ಬೇಯಿಸುವಿಕೆಯ ಕೊನೆಯ ಬೆಳಿಗ್ಗೆ, ಒಳಹೊಕ್ಕು ಎಲೆಯ ದಂಟು ಒಣಗಿದೆಯೇ ಎಂದು ಮುರಿದು ನೋಡುವ ಮೊದಲು, ಅವನು ಜಗಲಿಯ ಮುಂದೆ ಬಂದು ನಿಂತು ಹೆಂಡತಿಯನ್ನು ಕೇಳುತ್ತಿದ್ದ: "ಮೂಗು ಏನಂತದೆ?"

ಹಾಗಾದರೆ ಈ ಮೌನದ ದಿನಗಳಲ್ಲಿ ಏನು ಗತಿ? ಸೊಸೆ ರೂಪಶ್ರೀ ಕೈಯಲ್ಲಿ ಸನ್ನೆ ಮಾಡಿ ಎಂದಳು. ಸನ್ನೆಯೂ ಕೂಡದು ಎಂದಳು ಸುನಂದಮ್ಮ. ಕಂಠಪ್ಪನೇ ಅದಕ್ಕೊಂದು ದಾರಿ ಹುಡುಕಿದ.

"ನೀನು ಸುಮ್ಕಿದ್ರೆ ಎಲ್ಲಾ ಸರಿಯಾಗೈತೆ ಅಂತ ತಿಳ್ಕತೀನಿ ಕಣಮ್ಮಿ. ಏನಾರ ಆಗಿದ್ರೆ ನೀನು ಸುಮ್ಕಿರೋ ಪೈಕಿನಾ? ಸಾಕ್ಸಾತ್ ಬೆಟ್ಟದ ಮಲ್ಲಿಕಾರ್ಜುನನೇ ಬಂದು ಬಾಯಿ ಮುಚ್ಚಿದ್ರೂ ಅವನ್ ಬೆರಳು ಕಚ್ಚಿ ಕಿರುಚ್ಕೋತೀಯ."

ಎಲ್ಲರೂ ನಕ್ಕರು. ಆ ದಿನ ಸುನಂದಮ್ಮನೂ ನಕ್ಕಳು.

ಆಷಾಢದಲ್ಲಿ ಹಿಡಿದ ಮೊದಲ ಮಂಡಲ ಮೂವತ್ತೊಂದನೆಯ ದಿನ ಮುರಿಯಿತು. ಬೆಳಗಿನ ಮಂಜಿನಲ್ಲಿ ಕೂತಿದ್ದಾಗ ಮೂಗಿಗೆ ಸುಟ್ಟ ವಾಸನೆ ಬಡಿಯಿತು. ನೋಡುವುದೂ ಇಲ್ಲ, ಬಿಡುವುದೂ ಇಲ್ಲ, "ಬೆಂಕಿ! ಬೆಂಕಿ!" ಎಂದು ಅವಳು ಕಿರುಚಿದ್ದಕ್ಕೆ ಕೇರಿಯೇ ಎದ್ದು ಬಂತು. ಕಂಠಪ್ಪ ಒಲೆಯ ಕೆಂಡವನ್ನೆಲ್ಲ ಹೊರಕ್ಕೆಳೆದು, ಗಂಡಿ ಮುಚ್ಚಿ, ಅರ್ಧ ದಿನ ಕಾದ. ತೆಗೆದು ನೋಡಿದರೆ ಒಂದು ಎಲೆಯೂ ಸುಟ್ಟಿರಲಿಲ್ಲ. ಆದರೆ ಬಣ್ಣ ಕಟ್ಟುವ ಹೊತ್ತಿಗೆ ಕಾವು ತಪ್ಪಿದ್ದರಿಂದ ಇಡೀ ಬ್ಯಾರನ್ನಿನ ಸೊಪ್ಪು ಕಪ್ಪಾಗಿ ಕೂತಿತ್ತು. ಹಾಗಾದರೆ ವಾಸನೆ ಎಲ್ಲಿಯದು? ಪಕ್ಕದ ಮನೆಯ ಚೆಲುವರಾಜು ನೆಂಟರು ಬಂದಿದ್ದಾರೆಂದು ಹಿತ್ತಲಲ್ಲಿ ನಾಟಿಕೋಳಿಯ ಪುಕ್ಕ ಸುಡುತ್ತಿದ್ದ.

ಅಯ್ಯೋ, ಆಮೇಲೆ ಊರು ಅವಳನ್ನು ಬಿಟ್ಟಿತೆ? ಚೆಲುವರಾಜು ಹಾದು ಹೋಗುವಾಗಲೆಲ್ಲ, "ಅಕ್ಕಾ, ನಾಳೆ ಮನೇಲಿ ಕೋಳಿ ಕಣಕ್ಕ, ಮೊದ್ಲೇ ಹೇಳ್ಬುಟ್ಟಿವ್ನಿ, ಫೈರ್ ಎಂಜಿನ್ ಕರೀಬ್ಯಾಡ" ಎನ್ನುತ್ತಿದ್ದ. ಹಾಲಿನ ಡೇರಿಯಲ್ಲಿ ಹೆಂಗಸರು ಅವಳನ್ನು ಕಂಡರೆ ಮೂಗು ಹಿಡಿದುಕೊಂಡು ಕಿಸಕ್ಕೆನ್ನುತ್ತಿದ್ದರು. ಕಂಠಪ್ಪ ಮಾತ್ರ ಒಂದು ಮಾತೂ ಆಡಲಿಲ್ಲ. ಕಪ್ಪಾದ ಸೊಪ್ಪನ್ನು ಒಂದೊಂದೇ ಬಿಡಿಸುತ್ತ ಕೂತ. ಅವನು ಬೈದಿದ್ದರೆ ವಾಸಿಯಿತ್ತು. ಬೈಯದೆ ಕೂತದ್ದು ಅವಳ ಕರುಳಿಗೆ ನಾಟಿತು. ತನ್ನ ಮೂಗಿನ ಮೇಲೆ ಅವಳಿಗೆ ಮೊದಲ ಸಲ ಸಿಟ್ಟು ಬಂತು, ನಂಬಿಕೆ ಹೋಯಿತು.

ಶ್ರಾವಣದಲ್ಲಿ ಮತ್ತೆ ಒಂದರಿಂದ ಶುರು ಮಾಡಿದಳು. ಈ ಸಲ ಹಲ್ಲು ಕಚ್ಚಿ ಹಿಡಿದಳು.

ಇಪ್ಪತ್ತು ದಿನ ಕಳೆದ ಮೇಲೆ ಒಂದು ವಿಚಿತ್ರ ಶುರುವಾಯಿತು. ಅಕ್ಕ ಹೇಳಿದ ಹಾಗೆ ಎಚ್ಚರ ಬೆಳೆಯಿತು, ಆದರೆ ಅದರ ಜೊತೆ ನೆಮ್ಮದಿ ಬರಲಿಲ್ಲ. ಕಿವಿ ಹರಿತವಾಯಿತು. ಕೊಟ್ಟಿಗೆಯಲ್ಲಿ ಹಸು ಕಾಲು ಬದಲಿಸುವುದು, ಸೂರಿನ ಹೆಂಚಿನಿಂದ ಇಬ್ಬನಿ ತೊಟ್ಟಿಕ್ಕುವುದು, ಒಳಗೆ ರೂಪಶ್ರೀ ಮಗ್ಗುಲು ತಿರುಗುವುದು, ಎಲ್ಲವೂ ಕಿವಿಯ ಬುಡದಲ್ಲೇ ಆದಂತೆ. ಎಲ್ಲಕ್ಕಿಂತ ಹೆಚ್ಚಾಗಿ ಬ್ಯಾರನ್ನು. ಒಲೆಬಾಯಿ ಗಾಳಿ ಎಳೆದುಕೊಳ್ಳುವ ಸದ್ದು, ಬಿಡುವ ಸದ್ದು. ಮೂವತ್ತೆರಡು ವರ್ಷ ಅದರ ಪಕ್ಕ ಬಾಳಿದರೂ ತನ್ನದೇ ಗಲಾಟೆಯಲ್ಲಿ ಆ ಸದ್ದನ್ನು ಅವಳು ಕೇಳಿರಲೇ ಇಲ್ಲ. ಈಗ ಕಣ್ಣು ಮುಚ್ಚಿದರೆ ಪಕ್ಕದಲ್ಲಿ ಯಾವುದೋ ದೊಡ್ಡ ದನ ಮಲಗಿ ಉಸಿರಾಡುತ್ತಿದೆ ಅನಿಸುತ್ತಿತ್ತು. ಮೈ ಜುಮ್ಮೆನ್ನುತ್ತಿತ್ತು. ಭಯ ಬಂದಿದೆ, ನೋಡುತ್ತೇನೆ, ಹಿಂದೆ ಹೋಗುವುದಿಲ್ಲ ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಮೂವತ್ತೊಂದನೆಯ ದಿನ ದಾಟಿತು. ಅಂದು ಬೇಯಿಸುವಿಕೆ ಮುಗಿಯುವ ದಿನ. ಕಂಠಪ್ಪ ಬಂದು ಕೇಳಿದ, ಅವಳು ಸುಮ್ಮನಿದ್ದಳು, ಅವನು ಒಳಗೆ ಹೋಗಿ ದಂಟು ಮುರಿದು ನಗುತ್ತ ಬಂದ. ಮೂವತ್ತೆಂಟನೆಯ ದಿನವೂ ಹಾಗೆಯೇ. ಸೊಪ್ಪು ಚಿನ್ನದ ಬಣ್ಣ ಬಂದಿತ್ತು. ನೋಡು, ಸುಮ್ಮನಿದ್ದರೆ ಏನೂ ಆಗುವುದಿಲ್ಲ, ಇಷ್ಟು ವರ್ಷ ಸುಮ್ಮನೆ ಬಾಯಿ ಬಡಿದುಕೊಂಡೆ ಎಂದು ಅವಳು ಅಂದುಕೊಂಡಳು. ಡೇರಿಯಲ್ಲಿ ಹೆಂಗಸರು ಮೂಗು ಹಿಡಿಯುವುದು ನಿಂತಿತ್ತು. "ಸುನಂದಮ್ಮ, ಮುಖದಲ್ಲಿ ಏನೋ ಕಳೆ ಬಂದೈತೆ ಕಣ್ರೀ" ಎಂದು ಪುಟ್ಟಸಿದ್ದಮ್ಮ ಎದುರಿಗೇ ಅಂದಳು. ಹೊಗಳಿಕೆ ಯಾರಿಗೆ ಬೇಡ? ಅವಳು ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡು ಮನೆಗೆ ಬಂದಳು.

ನಲವತ್ತೇಳನೆಯ ದಿನ ಸಂಜೆ ಪವಿತ್ರಾ ಫೋನು ಮಾಡಿದಳು. "ದೊಡ್ಡಮ್ಮ, ನಾಳೆ ಕೊನೇದು. ಕೊನೇ ದಿನ ಮನಸ್ಸು ಆಟ ಆಡ್ಸತ್ತೆ ಅಂತ ಅಕ್ಕ ಹೇಳಿರ್ಲಿಲ್ವಾ? ಹುಷಾರು."

"ಆಡ್ಸಲಿ ಬುಡು. ನಾನೂ ಆಟಕ್ಕೆ ಸೈ" ಎಂದಳು ಸುನಂದಮ್ಮ.

ನಲವತ್ತೆಂಟನೆಯ ಬೆಳಗು. ಕಣ್ಣು ಬಿಟ್ಟಳು. ಮೂರು ಉಸಿರು ನೋಡಿದಳು. ಅಂಗೈ ಉಜ್ಜಿದಳು, ಸೊಪ್ಪಿನ ಅಂಟು ಹತ್ತಿ ಕಪ್ಪಾದ ಅಂಗೈ. ನೆಲ ಮುಟ್ಟಿದಳು. ಮಗ ಶಶಿಕುಮಾರ್ ಹುಣಸೂರಿನ ಬಸ್ ಡಿಪೋದಲ್ಲಿ ಡ್ರೈವರು. ಅಂದು ಅವನಿಗೆ ಡ್ಯೂಟಿ, ಮನೆಯಲ್ಲಿರಲಿಲ್ಲ. ರೂಪಶ್ರೀ ಒಳಗೆ ಮಲಗಿದ್ದಳು. ಕಂಠಪ್ಪ ಬ್ಯಾರನ್ನಿನ ಪಕ್ಕದ ಚಾಪೆಯ ಮೇಲಿದ್ದ. ಆ ವರ್ಷದ ಕಡೆಯ ಸೊಪ್ಪು, ಅಂದೇ ಬೇಯಿಸುವಿಕೆ ಮುಗಿಯಬೇಕಿತ್ತು.

ಜಗಲಿಯಲ್ಲಿ ಕೂತಾಗ ಇನ್ನೂ ಕತ್ತಲಿತ್ತು. ಎದುರಿಗೆ ಬೆಟ್ಟ ಕರ್ರಗೆ ನಿಂತಿತ್ತು. ಅದರ ನೆತ್ತಿಯ ಗುಡಿಗೆ ಬಿಸಿಲು ಬಿದ್ದರೆ ಅಂದಿನ ಮೌನ ಮುಗಿಯಿತು, ಮಂಡಲವೂ ಮುಗಿಯಿತು. ಆ ದಿನ ಹಕ್ಕಿಗಳು ಯಾಕೋ ತಡವಾಗಿ ಎದ್ದವು. ಹಸು ಎರಡು ಸಲ ಹಗ್ಗ ಜಗ್ಗಿತು. ಭಯ ಬಂದಿದೆ, ನೋಡುತ್ತೇನೆ ಎಂದು ಸುನಂದಮ್ಮ ಅಂದುಕೊಂಡಳು.

ಕತ್ತಲು ತೆಳುವಾಗುವ ಹೊತ್ತಿಗೆ ವಾಸನೆ ಬಂತು.

ಮೊದಲು ಎಂದಿನ ಸಿಹಿ ವಾಸನೆ, ಬೆಂದ ಸೊಪ್ಪಿನದು. ಅದರೊಳಗೆ ಒಂದು ಎಳೆ. ಅದು ಬೇರೆಯದೇ. ಕೂದಲು ಒಲೆಗೆ ತಾಗಿದಂತೆ ಕಹಿ, ಗಂಟಲಿಗೆ ಒತ್ತುವಂಥದ್ದು. ಬಂತು, ಹೋಯಿತು, ಮತ್ತೆ ಬಂತು. ಚೆಲುವರಾಜನ ಮನೆಯ ಕಡೆ ಕಿವಿ ಕೊಟ್ಟಳು, ಅಲ್ಲಿ ಯಾರೂ ಎದ್ದಿರಲಿಲ್ಲ. ಕೋಳಿಯೇ ಇರಬೇಕು ಎಂದಿತು ಮನಸ್ಸು. ಇಷ್ಟು ಬೆಳಿಗ್ಗೆ ಯಾರು ಕೋಳಿ ಸುಡುತ್ತಾರೆ ಎಂದಿತು ಅದೇ ಮನಸ್ಸು. ಕೊನೆಯ ದಿನ ಆಟ ಆಡಿಸುತ್ತದೆ ಎಂದದ್ದು ನೆನಪಾಯಿತು. ಇದೇ ಆ ಆಟ. ಇದಕ್ಕೆ ಬಿದ್ದರೆ ಮತ್ತೆ ಒಂದರಿಂದ, ಮತ್ತೆ ಡೇರಿಯಲ್ಲಿ ನಗು, ಮತ್ತೆ ಕಪ್ಪಾದ ಸೊಪ್ಪಿನ ಮುಂದೆ ಮಾತಿಲ್ಲದೆ ಕೂತ ಗಂಡ. ವಾಸನೆ ಬಂದಿದೆ, ನೋಡುತ್ತೇನೆ, ಹಿಂದೆ ಹೋಗುವುದಿಲ್ಲ.

ಹೆಜ್ಜೆ ಸಪ್ಪಳ ಕೇಳಿಸಿತು. ಕಂಠಪ್ಪ ಬಂದು ಜಗಲಿಯ ಮುಂದೆ ನಿಂತ. ಹೆಗಲ ಮೇಲೆ ಟವಲು, ಕೈಯಲ್ಲಿ ಟಾರ್ಚು. ಅವಳು ಕಣ್ಣು ಮುಚ್ಚಿಯೇ ಇದ್ದಳು, ಆದರೂ ಅವನು ನಿಂತ ಬಗೆ ಅವಳಿಗೆ ಕಾಣುತ್ತಿತ್ತು. ಮೂವತ್ತೆರಡು ವರ್ಷದ ನಿಲುವು, ಕಾಣದೆ ಏನು?

"ನಲ್ವತ್ತೆಂಟು ಅಲ್ವಾ ಇವತ್ತು?" ಎಂದ. "ಮುಗೀತು ಬುಡು. ನಾಳೆಯಿಂದ ಬಯ್ಯಕ್ಕೆ ಸುರು ಮಾಡು ಕಣಮ್ಮಿ. ಬೆಳಿಗ್ಗೆ ಹೊತ್ತು ಮನೆ ಬಿಕೋ ಅಂತದೆ."

ಅವಳ ಮುಚ್ಚಿದ ರೆಪ್ಪೆಯ ಕೆಳಗೆ ನೀರು ತುಂಬಿತು. ಎಷ್ಟು ಪ್ರೀತಿಯ ಮನುಷ್ಯ ಇವನು! ಇಷ್ಟು ವರ್ಷ ಬೈಸಿಕೊಂಡೂ ಬೈಗುಳಕ್ಕೆ ಹಂಬಲಿಸುತ್ತಾನಲ್ಲ.

"ಮೂಗು ಏನಂತದೆ?"

ಎಳೆ ಮತ್ತೆ ಬಂತು. ಈ ಸಲ ದಪ್ಪವಾಗಿಯೇ ಬಂತು. ಅವಳು ಕಣ್ಣು ತೆರೆದು ಬೆಟ್ಟ ನೋಡಿದಳು. ಆಕಾಶ ಬಿಳಿಚಿತ್ತು, ಗುಡಿ ಇನ್ನೂ ನೆರಳಲ್ಲೇ ಇತ್ತು. ಇನ್ನು ಹತ್ತು ನಿಮಿಷ, ಹೆಚ್ಚೆಂದರೆ ಹದಿನೈದು. ಬಿಸಿಲು ಬಿದ್ದ ಮರುಗಳಿಗೆಗೇ ಹೇಳುತ್ತೇನೆ, ಓಡಿ ಹೋಗಿ ಹೇಳುತ್ತೇನೆ ಎಂದುಕೊಂಡಳು. ಹತ್ತು ನಿಮಿಷದಲ್ಲಿ ಏನಾಗುತ್ತದೆ? ಅವನು ಮುಖ ತೊಳೆಯುತ್ತಾನೆ, ಬೀಡಿ ಹಚ್ಚುತ್ತಾನೆ, ಹತ್ತು ನಿಮಿಷ ಹಾಗೆಯೇ ಕಳೆದುಹೋಗುತ್ತದೆ.

ಅವನು ಎಂದಿಗಿಂತ ಒಂದು ಉಸಿರು ಹೆಚ್ಚಿಗೆ ನಿಂತ. ಅವಳ ಕಣ್ಣಿನ ನೀರನ್ನು ನೋಡಿದನೋ ಏನೋ, ನೋಡಿದರೂ ಧ್ಯಾನದ್ದು ಎಂದುಕೊಂಡಿರಬೇಕು.

"ಸರಿ ಬುಡು, ಸರಿಯಾಗೈತೆ" ಎಂದ. ಹೊರಟ.

ಅವಳು ಹೆಜ್ಜೆ ಎಣಿಸಿದಳು. ಬೇಕೆಂದು ಎಣಿಸಲಿಲ್ಲ, ಕಿವಿಯೇ ಎಣಿಸಿತು. ಹತ್ತು. ಹದಿನೈದು. ತೊಟ್ಟಿಯ ಬಳಿ ಮುಖ ತೊಳೆಯಲು ನಿಲ್ಲಲಿಲ್ಲ. ಇಪ್ಪತ್ತು. ಬೀಡಿಗೂ ನಿಲ್ಲಲಿಲ್ಲ. ಇಪ್ಪತ್ತಾರು. ಟವಲು ಕೊಡವಿ ತಲೆಗೆ ಸುತ್ತಿಕೊಂಡ ಸದ್ದು. ಮೂವತ್ತು. ಬಾಗಿಲಿಗೆ ಅಡ್ಡಕೊಟ್ಟ ಮರದ ದಿಮ್ಮಿ ಸರಿದು ಕಿರ್ರೆಂದಿತು.

ಆಗ ಅವಳಿಗೆ ಗೊತ್ತಾಯಿತು. ಮನಸ್ಸಿಗಲ್ಲ, ಮೈಗೇ ಗೊತ್ತಾಯಿತು. ಎದ್ದಳು. ಬಾಯಿ ತೆರೆದಳು. ದನಿ ಬರಲಿಲ್ಲ! ಊರನ್ನೇ ಎಬ್ಬಿಸುತ್ತಿದ್ದ ಆ ಗಂಟಲಿನಿಂದ ಬರೀ ಗಾಳಿ ಬಂತು. ಜಗಲಿಯಿಂದ ಧುಮುಕಿದಳು, ಕಾಲು ಹೊರಳಿತು, ಮತ್ತೆ ಎದ್ದು ಓಡಿದಳು.

"ಏನೂಂದ್ರೆ! ತೆಗೀಬ್ಯಾಡಿ! ಬಾಗ್ಲು ತೆಗೀಬ್ಯಾಡಿ!"

ಬಾಗಿಲು ತೆರೆದಾಗಿತ್ತು. ಅವನು ಒಳಗೆ ಎರಡು ಹೆಜ್ಜೆ ಇಟ್ಟಾಗಿತ್ತು. ಅವಳ ದನಿ ಕೇಳಿ ಅವನು ತಿರುಗಿದ. ಕೇಳಿದ ಕೂಡಲೇ ಹೊರಕ್ಕೆ ಹಾರಿದ್ದರೆ! ಹಾರಲಿಲ್ಲ. ನಲವತ್ತೆಂಟು ದಿನದ ಮೇಲೆ ಬೆಳಗಿನಲ್ಲಿ ಹೆಂಡತಿಯ ಕೂಗು ಕೇಳಿಸಿದೆ, ಬೈಯುತ್ತಿದ್ದಾಳೆ ಎಂದುಕೊಂಡನೇನೋ, ಮುಖದಲ್ಲಿ ನಗು ಇತ್ತು. ಕೈಯನ್ನು ಕಿವಿಗಿಟ್ಟುಕೊಂಡು, "ಆಂ? ಏನಂದೆ?" ಎಂದು ಕೇಳುತ್ತ ಅಲ್ಲೇ ನಿಂತ.

ಒಳಗಿನಿಂದ ಒಂದು ದೊಡ್ಡ ಉಸಿರು ಬಂತು. ಕೊಳವೆಯ ಮೇಲೆ ಕಾದು ಕೂತಿದ್ದದ್ದಕ್ಕೆ ಗಾಳಿ ಸಿಕ್ಕಿತ್ತು. ನೆಲದಿಂದ ಸೂರಿನವರೆಗೆ ಸಾಲಿಗೆ ಸಾಲು ಒಂದೇ ಸಲಕ್ಕೆ ಹೊತ್ತಿಕೊಂಡಿತು. ಕಡ್ಡಿಗಳು ಸುರಿದು ಬಿದ್ದವು. ಅವನ ನಗು ಇದ್ದ ಜಾಗದಲ್ಲಿ ಕೆಂಪು ಬಿಟ್ಟರೆ ಏನೂ ಇರಲಿಲ್ಲ.

ಚೆಲುವರಾಜು ಒದ್ದೆ ಗೋಣಿ ಹೊದ್ದು ನುಗ್ಗಿ ಅವನನ್ನು ಎಳೆದು ತಂದ. ಕೋಳಿಯ ವಿಷಯಕ್ಕೆ ಅಷ್ಟು ಗೋಳುಹೊಯ್ದುಕೊಂಡಿದ್ದ ಚೆಲುವರಾಜು ಅಂಗಳದಲ್ಲಿ ಕುಕ್ಕರಿಸಿ, ಸುಟ್ಟ ಕೈ ಮೇಲೆತ್ತಿ ಹೋ ಎಂದು ಅಳುತ್ತಿದ್ದ. ಯಾರೋ ಜೀಪು ತಂದರು. ಜೀಪು ಹೊರಡುವಾಗ ಸುನಂದಮ್ಮ ಒಮ್ಮೆ ತಲೆಯೆತ್ತಿದಳು. ಗುಡಿಗೆ ಬಿಸಿಲು ಆಗಷ್ಟೇ ಬೀಳುತ್ತಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಕಂಠಪ್ಪ ಮೂರು ದಿನ ಇದ್ದ. ಎರಡನೆಯ ದಿನ ಬೆಳಗಿನ ಜಾವ ಅವನಿಗೆ ಸ್ವಲ್ಪ ಪ್ರಜ್ಞೆ ಬಂತು. ರೂಪಶ್ರೀ ಪಕ್ಕದಲ್ಲಿದ್ದಳು. ಸುನಂದಮ್ಮ ಪರದೆಯ ಆಚೆ ನೆಲದ ಮೇಲೆ ಕೂತಿದ್ದಳು, ನಿದ್ದೆ ಮಾಡುತ್ತಿದ್ದಾಳೆಂದು ಸೊಸೆ ತಿಳಿದಿದ್ದಳು. ಆ ಹಾಳು ಎಚ್ಚರ, ಆ ಹರಿತ ಕಿವಿ ಮಲಗಿದರೆ ತಾನೆ!

"ಯಾಕ್ ಮಾವ ಬಾಗ್ಲು ತೆಗುದ್ರಿ?" ರೂಪಶ್ರೀ ಪಿಸುಗುಟ್ಟಿ ಅತ್ತಳು.

ಅವನ ಸುಟ್ಟ ತುಟಿಯಿಂದ ಒಂದೊಂದೇ ಮಾತು ಬಂತು.

"ಅವ್ಳು ಸುಮ್ಕಿದ್ಲು ಕಣವ್ವ. ಅದ್ಕೇ ಹೋದೆ."

ದೂರು ಹೇಳುವ ದನಿಯಲ್ಲ ಅದು. ಹೆಂಡತಿಯ ಪರವಾಗಿ ಸಾಕ್ಷಿ ಹೇಳುವ ದನಿ. ಪಾಪ, ಅವಳಿಗೂ ವಾಸನೆ ಬಂದಿರಲಿಲ್ಲ, ಬಂದಿದ್ದರೆ ಸುಮ್ಮನಿರುತ್ತಿದ್ದಳೆ ಎಂಬ ನಂಬಿಕೆಯ ದನಿ. ಆ ನಂಬಿಕೆ ಇಟ್ಟುಕೊಂಡೇ ಅವನು ಹೋದ.

ಊರೂ ಹಾಗೆಯೇ ನಂಬಿತು. ಕಾರ್ಯಕ್ಕೆ ಬಂದವರೆಲ್ಲ, "ಧ್ಯಾನದಲ್ಲಿ ಮುಳುಗಿದ್ಲು, ಅವ್ಳಿಗೇನು ಗೊತ್ತಾಯ್ತದೆ ಪಾಪ" ಎಂದು ಬೆನ್ನು ಸವರಿದರು. ಪವಿತ್ರಾ ಅವಳ ಕಾಲ ಬಳಿ ಕೂತು, "ಹಾಲುಕ್ಕಿದ್ರೆ ಎದ್ದು ಒಲೆ ಆರಿಸಿ ಅಂತ ಅಕ್ಕನೇ ಹೇಳಿರ್ಲಿಲ್ವಾ ದೊಡ್ಡಮ್ಮ. ನಿಂಗೆ ಒಂದ್ ಚೂರು ವಾಸನೆ ಬಂದಿದ್ರೂ ಎದ್ದೇ ಏಳ್ತಿದ್ದೆ, ನಂಗೊತ್ತು" ಎಂದು ಬಿಕ್ಕಿದಳು. ಸುನಂದಮ್ಮ ಅವಳ ತಲೆ ನೇವರಿಸಿದಳು. ಬಂದಿತ್ತು ಕಣೇ ಎಂದು ಹೇಳಲು ನಾಲಿಗೆ ಎದ್ದಿತು, ಹೇಳಲಿಲ್ಲ. ಹೇಳಿದರೆ ಗಂಡ ಹೇಳಿ ಹೋದ ಸಾಕ್ಷಿ ಸುಳ್ಳಾಗುತ್ತಿತ್ತು. ಅಷ್ಟು ಧೈರ್ಯವೂ ಅವಳಲ್ಲಿ ಉಳಿದಿರಲಿಲ್ಲ.

ಈಗ ಅವಳಿಗೆ ಅಲಾರಮ್ಮು ಬೇಡ. ನಾಲ್ಕೂವರೆಗೆ ಕಣ್ಣು ತಾನೇ ತೆರೆಯುತ್ತದೆ. ತೆರೆದ ಮರುಗಳಿಗೆಗೆ ಅವಳು ಪೂರ್ತಿ ಎಚ್ಚರ, ಶಿಬಿರದಲ್ಲಿ ಹೇಳಿದಂತೆಯೇ, ಒಂದು ಚೂರೂ ಮಂಪರಿಲ್ಲ. ಮೂರು ಉಸಿರು ಬಂದು ಹೋಗುವುದನ್ನು ನೋಡುತ್ತಾಳೆ. ಮೂರನೆಯದರಲ್ಲಿ ಆ ಕಹಿ ಎಳೆ ಇರುತ್ತದೆ. ಇಟ್ಟಿಗೆ ಗೋಡೆ ಕೆಡವಿ ಒಂದು ವರ್ಷವಾಯಿತು, ಅಲ್ಲಿ ಈಗ ಜೋಳ ಬೆಳೆದಿದೆ, ಆದರೂ ಇರುತ್ತದೆ. ಹೆಜ್ಜೆ ಬಂದು ಜಗಲಿಯ ಮುಂದೆ ನಿಲ್ಲುತ್ತದೆ. ಎಂದಿಗಿಂತ ಒಂದು ಉಸಿರು ಹೆಚ್ಚಿಗೆ ನಿಲ್ಲುತ್ತದೆ.

ರೂಪಶ್ರೀ ದಿನವೂ ಕಾಫಿ ಲೋಟ ಹಿಡಿದುಕೊಂಡು ಅತ್ತೆಯ ಕೋಣೆಯ ಹೊರಗೆ ಕಾಯುತ್ತಾಳೆ. ಒಳಗಿನ ಆ ಒಂದು ಮಾತು ಮುಗಿಯುವವರೆಗೆ ಅವಳು ಒಳಗೆ ಹೋಗುವುದಿಲ್ಲ, ಯಾಕೆಂದು ಕೇಳುವುದೂ ಇಲ್ಲ.

ಸುನಂದಮ್ಮ ಅಂಗೈ ಉಜ್ಜುವ ಮೊದಲು, ನೆಲ ಮುಟ್ಟುವ ಮೊದಲು, ಕತ್ತಲಿಗೆ ಮುಖ ಮಾಡಿ ಸ್ಪಷ್ಟವಾಗಿ, ಮೂವತ್ತು ಹೆಜ್ಜೆಗೆ ಕೇಳಿಸುವಷ್ಟು ಗಟ್ಟಿಯಾಗಿ ಹೇಳುತ್ತಾಳೆ.

"ಬಾಗ್ಲು ತೆಗೀಬ್ಯಾಡಿ."